ಹೊನ್ನಿಗೊಂದು ಕಾರು

ಅರಕಲಗೂಡು
೧೨ ಮಾರ್ಚ್ ೧೯೫೮

ಪುಟ್ಟಸ್ವಾಮಿಯವರಿಗೆ ಕಮಲಾಕ್ಷಮ್ಮನ ನಮಸ್ಕಾರ.

ಮಗು ಚೆನ್ನಾಗಿದೆ. ಮೊದಲು ಆ ಮಾತನ್ನೇ ಬರೆ, ಅವರು ಕಾಯುತ್ತಿರುತ್ತಾರೆ ಎಂದು ನಮ್ಮ ಮನೆಯವರು ಹೇಳಿದರು.

ತಂಗಿ ಚಿಕ್ಕಲಕ್ಷ್ಮಿಯ ತಿಥಿ ಮುಗಿಸಿಕೊಂಡು ಹಳೇಕೋಟೆಯಿಂದ ಹೊರಟವಳು ಮಗುವನ್ನು ಮಡಿಲಲ್ಲೇ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ದಾರಿಯಲ್ಲಿ ಅದು ಒಮ್ಮೆಯೂ ಅಳಲಿಲ್ಲ. ತಾಯಿಯಿಲ್ಲದ್ದು ಎಂದು ಅದಕ್ಕೂ ಗೊತ್ತಾಗಿದೆಯೇನೋ ಅಂದುಕೊಂಡೆ. ಮನೆಗೆ ಬಂದ ಮೇಲೆ ಗಂಟಲು ಹರಿಯುವ ಹಾಗೆ ಅತ್ತಾಗ ನನಗೆ ಜೀವ ಬಂದಂತಾಯಿತು. ಪಕ್ಕದ ಮನೆಯ ಬಸವಲಿಂಗಮ್ಮ ತನ್ನ ಕೂಸಿಗೆ ಹಾಲು ಬಿಡಿಸುವುದರಲ್ಲಿದ್ದಳು. ಈಗ ನಮ್ಮ ಮಗುವಿಗೂ ಕುಡಿಸುತ್ತಾಳೆ. ಉಳಿದ ಹೊತ್ತಿಗೆ ಹಸುವಿನ ಹಾಲಿಗೆ ನೀರು ಬೆರೆಸಿ ಬಟ್ಟೆಯ ಬತ್ತಿ ಅದ್ದಿ ಬಾಯಿಗೆ ಹಿಂಡುತ್ತೇನೆ. ಮಕ್ಕಳಿಲ್ಲದ ಮನೆಯಲ್ಲಿ ತೊಟ್ಟಿಲು ಎಲ್ಲಿಂದ ಬರಬೇಕು? ಅದೂ ಅವಳದೇ.

ನಾವು ಹೊರಡುವಾಗ ನೀವು ಅಂಗಳದಲ್ಲಿ ನಿಂತಿದ್ದಿರಿ. ಮಗುವನ್ನು ಒಂದು ಸಲ ಎತ್ತಿಕೊಳ್ಳಿ ಎಂದು ಹೇಳಬೇಕೆಂದಿದ್ದೆ, ನಿಮ್ಮ ಮುಖ ನೋಡಿ ಮಗುವಿಗೆ ಸೆರಗು ಹೊದಿಸಿ ಹೊರಟೆ. ನಿಮ್ಮ ತಾಯಿ ದೊಡ್ಡತಾಯಮ್ಮನವರಿಗೆ ಕಣ್ಣು ಮಂಜು. ಆ ಮನೆಯಲ್ಲಿ ಎಳೆಗೂಸನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಸ್ವಲ್ಪ ದೊಡ್ಡದಾಗುವವರೆಗೆ ಇಲ್ಲಿರಲಿ ಎಂದು ನೀವೇ ಹೇಳಿದಿರಿ. ಇರಲಿ. ಆದರೆ ಹೆಸರು ಇಡಬೇಕಲ್ಲ, ಯಾವ ಹೆಸರು ಎಂದು ಬರೆಯಿರಿ. ಒಂದು ಸಲ ಬಂದು ನೋಡಿಹೋಗಿ.

ಕಮಲಾಕ್ಷಮ್ಮ


ಹಳೇಕೋಟೆ
೪ ಏಪ್ರಿಲ್ ೧೯೫೮

ಅತ್ತಿಗೆಯವರಿಗೆ ಪುಟ್ಟಸ್ವಾಮಿಯ ನಮಸ್ಕಾರಗಳು. ಬೈರಯ್ಯ ಭಾವನವರಿಗೂ ತಿಳಿಸಿ.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ. ನಾನೊಂದು ಕಾರು ಕೊಳ್ಳಬೇಕೆಂದಿದ್ದೇನೆ, ಅದನ್ನು ವಿಚಾರಿಸಿಕೊಂಡು ಓಡಾಡುತ್ತಿದ್ದೆ.

ಹೊಳೆನರಸೀಪುರದ ಕಂಟ್ರಾಕ್ಟರೊಬ್ಬರ ಜೀಪು ನೋಡಿದೆ. ಕೆಸರಿಗೂ ಕಲ್ಲಿಗೂ ಅದಕ್ಕೆ ಸಮನಾದದ್ದಿಲ್ಲ. ನಮ್ಮೂರಿನ ಬಂಡಿದಾರಿಯಲ್ಲೂ ಬರುತ್ತದೆ. ಆದರೆ ಪಕ್ಕಕ್ಕೆಲ್ಲ ಕ್ಯಾನ್ವಾಸು, ಗಾಳಿ ಧೂಳು ಎರಡೂ ಒಳಗೆ ನುಗ್ಗುತ್ತವೆ, ಎಳೆಯ ಮೈಗೆ ಆಗುವುದಿಲ್ಲ. ಹಾಸನದಲ್ಲಿ ಒಬ್ಬ ವಕೀಲರ ಹತ್ತಿರ ಲ್ಯಾಂಡ್‌ಮಾಸ್ಟರ್ ಕಾರು ಇದೆ. ಹಿಂದಿನ ಸೀಟು ಅಗಲವಾಗಿದೆ. ಒಬ್ಬ ಹೆಂಗಸು ಕಾಲು ಮಡಿಸಿ ಮಲಗಬಹುದು, ತಲೆ ಹಿಡಿದುಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬರು ಕೂರಬಹುದು. ಆದರೆ ವೇಗ ಹಿಡಿಯುವುದು ನಿಧಾನ. ಫಿಯಟ್ ಚಿಕ್ಕದು, ಗೇರು ಹಾಕಿದ ಕೂಡಲೇ ಎದ್ದು ಓಡುತ್ತದೆ. ಮುಂದಿನ ಬಾಗಿಲು ಹಿಂದಕ್ಕೆ ತೆರೆದುಕೊಳ್ಳುವುದರಿಂದ ಮಗು ಎತ್ತಿಕೊಂಡವರಿಗೆ ಹತ್ತಿ ಇಳಿಯಲು ಸಲೀಸು. ಚನ್ನರಾಯಪಟ್ಟಣದ ರಸ್ತೆಯಲ್ಲಿ ಅದರ ಡ್ರೈವರು ನನ್ನನ್ನು ಕೂರಿಸಿಕೊಂಡು ಓಡಿಸಿದ. ಎದುರಿಗಿದ್ದ ಬಸ್ಸು ನೋಡನೋಡುತ್ತ ಹಿಂದಾಯಿತು.

ಯಾವುದು ಒಳ್ಳೆಯದೆಂದು ಭಾವನವರನ್ನು ಕೇಳಿ ಬರೆಯಿರಿ. ಅವರಿಗೆ ನಿಮ್ಮ ಮಿಲ್ಲಿನ ಲಾರಿ ಓಡಿಸಿ ಅಭ್ಯಾಸವಿದೆ.

ಪುಟ್ಟಸ್ವಾಮಿ


ಅರಕಲಗೂಡು
೨೦ ಜೂನ್ ೧೯೫೮

ಪುಟ್ಟಸ್ವಾಮಿಯವರಿಗೆ ನಮಸ್ಕಾರ.

ಹೆಸರು ಕೇಳಿದರೆ ನೀವು ಸೀಟಿನ ಅಗಲ ಬರೆದಿರಿ. ಓದಿ ನನಗೆ ಸಿಟ್ಟು ಬಂತೆಂದು ಮುಚ್ಚಿಡುವುದಿಲ್ಲ. ಹೆಂಡತಿ ಸತ್ತು ಒಂದು ಮಳೆಗಾಲ ಕಳೆದಿಲ್ಲ, ಗಂಡನಿಗೆ ಕಾರಿನ ಶೋಕಿ ಎಂದು ನಮ್ಮ ಬೀದಿಯವರು ಕೇಳಿದರೆ ಏನೆನ್ನಲಿ?

ಮಗುವಿಗೆ ನಮ್ಮ ಅವ್ವನ ಹೆಸರಿಟ್ಟೆವು. ಹೊನ್ನಮ್ಮ. ನಾವು ಹೊನ್ನಿ ಅನ್ನುತ್ತೇವೆ. ಈಗ ಬೋರಲು ಬೀಳುತ್ತಾಳೆ. ನಗುವಾಗ ಎಡಗೆನ್ನೆ ಮಾತ್ರ ಕುಳಿ ಬೀಳುತ್ತದೆ, ಚಿಕ್ಕಲಕ್ಷ್ಮಿಗೆ ಬೀಳುತ್ತಿದ್ದ ಹಾಗೆಯೇ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನಿಮ್ಮ ಮಗಳು, ನಿಮಗೆ ಗೊತ್ತಿರಬೇಕು.

ಕಾರಿನ ವಿಚಾರ ಇವರನ್ನು ಕೇಳಿದೆ. ಫಿಯಟ್ ಆಗಲಿ ಅಂದರು. ಅಷ್ಟು ಅವಸರ ಯಾಕೆ, ಬಸ್ಸಿದೆಯಲ್ಲ ಎಂದೂ ಅಂದರು.

ಕಮಲಾಕ್ಷಮ್ಮ


ಹಳೇಕೋಟೆ
೧೮ ನವೆಂಬರ್ ೧೯೫೮

ಅತ್ತಿಗೆಯವರಿಗೆ ನಮಸ್ಕಾರಗಳು.

ಹೊನ್ನಮ್ಮ ಎಂಬುದು ಒಳ್ಳೆಯ ಹೆಸರು.

ದೀಪಾವಳಿಗೆ ಬರುತ್ತೇನೆಂದು ಹೇಳಿಕಳಿಸಿದ್ದೆ, ಬರಲಾಗಲಿಲ್ಲ. ಹೊಳೆನರಸೀಪುರದವರೆಗೆ ಬಂದಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಕೂತು, ಗದ್ದೆಯ ಕೆಲಸ ನೆನಪಾಗಿ ಹಿಂದಿರುಗಿದೆ.

ಬೆಂಗಳೂರಿಗೆ ಹೋಗಿ ಫಿಯಟ್ ಕಾರಿಗೆ ಹೆಸರು ಬರೆಸಿದ್ದೇನೆ. ನನಗಿಂತ ಮುಂದೆ ಬಹಳ ಜನರಿದ್ದಾರೆ, ಸರದಿ ಬರಲು ವರ್ಷಗಳೇ ಆಗಬಹುದಂತೆ. ಅಷ್ಟರಲ್ಲಿ ಓಡಿಸುವುದನ್ನು ಕಲಿಯುತ್ತೇನೆ. ಮಗು ನಡೆಯುವ ಹೊತ್ತಿಗೆ ಕಾರು ಬಂದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಇಲ್ಲಿ ಏನಾದರೂ ಆದರೆ ಹಾಸನಕ್ಕೆ ಬೇಗ ಮುಟ್ಟಿಸಬಹುದು ಎಂಬ ಧೈರ್ಯ ಬಂದ ಮೇಲೆಯೇ ಕರೆತರಬೇಕೆಂದು ತೀರ್ಮಾನಿಸಿದ್ದೇನೆ.

ಚಳಿಗೆ ಮಗುವಿಗೆ ಉಣ್ಣೆಯ ಟೋಪಿ ಕಳಿಸಿದ್ದೇನೆ. ಅಳತೆ ಗೊತ್ತಾಗಲಿಲ್ಲ. ಅಂಗಡಿಯವನು ಎಷ್ಟು ದೊಡ್ಡ ಮಗು ಎಂದ. ಏನು ಹೇಳಬೇಕೋ ತಿಳಿಯದೆ ಅವನೇ ಕೊಟ್ಟದ್ದನ್ನು ತಂದೆ.

ಪುಟ್ಟಸ್ವಾಮಿ


ಅರಕಲಗೂಡು
೩೦ ಆಗಸ್ಟ್ ೧೯೫೯

ಪುಟ್ಟಸ್ವಾಮಿಯವರಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಹೊನ್ನಿಯೂ ಚೆನ್ನಾಗಿದ್ದಾಳೆ. ನಡೆಯುತ್ತಾಳೆ, ಮಾತು ಕಲಿಯುತ್ತಿದ್ದಾಳೆ. ಈ ಸಲ ಮಳೆ ಹೆಚ್ಚು. ಕೆಲಸದ ಗಡಿಬಿಡಿಯಲ್ಲಿ ಬಹಳ ದಿನ ಬರೆಯಲಾಗಲಿಲ್ಲ, ಬೇರೇನೂ ವಿಶೇಷವಿಲ್ಲ.

ಕಾರಿನ ಸರದಿ ತಡವಾದರೆ ಬೇಸರ ಮಾಡಿಕೊಳ್ಳಬೇಡಿ. ಮಗುವಿಗೆ ಇಲ್ಲೇನೂ ಕೊರತೆಯಿಲ್ಲ.

ಕಮಲಾಕ್ಷಮ್ಮ


ಹಳೇಕೋಟೆ
೧೦ ಫೆಬ್ರವರಿ ೧೯೬೦

ಅತ್ತಿಗೆಯವರಿಗೆ ನಮಸ್ಕಾರಗಳು.

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಮೊದಲಾದರೆ ಮಗು ಏನು ತಿಂದಿತು, ಏನು ಅಂದಿತು ಎಂದು ನೀವು ಬರೆಯುತ್ತಿದ್ದಿರಿ. ಈಗ ಚೆನ್ನಾಗಿದ್ದಾಳೆ ಎಂಬ ಒಂದೇ ಮಾತು. ಚಿಕ್ಕಲಕ್ಷ್ಮಿ ಹೋದದ್ದಕ್ಕೆ ನಿಮ್ಮ ಮನೆಯಲ್ಲಿ ನನ್ನ ಮೇಲೆ ಬೇಸರವಿದೆ ಎಂದು ತೋರುತ್ತದೆ. ಇದ್ದರೆ ಅದು ತಪ್ಪೆಂದು ನಾನು ಹೇಳುವುದಿಲ್ಲ.

ಕಾರು ಓಡಿಸಲು ಕಲಿತೆ, ಲೈಸನ್ಸು ಬಂತು. ಮನೆಯ ಪಕ್ಕದ ಹುಲ್ಲಿನ ಕೊಟ್ಟಿಗೆಯನ್ನು ಬಿಚ್ಚಿಸಿ ಕಾರಿಗೆ ಹೆಂಚಿನ ಮಾಡು ಹಾಕಿಸಿದ್ದೇನೆ. ಬಂಡಿದಾರಿಗೆ ಕಲ್ಲು ತುಂಬಿಸುತ್ತಿದ್ದೇನೆ.

ಪುಟ್ಟಸ್ವಾಮಿ


ಅರಕಲಗೂಡು
೨೮ ಡಿಸೆಂಬರ್ ೧೯೬೦

ಪುಟ್ಟಸ್ವಾಮಿಯವರಿಗೆ ನಮಸ್ಕಾರ.

ಚನ್ನರಾಯಪಟ್ಟಣದಿಂದ ಮಿಲ್ಲಿಗೆ ಬಂದವರೊಬ್ಬರು ನಿಮಗೆ ಅಲ್ಲಿ ಹೆಣ್ಣು ಗೊತ್ತಾಗಿದೆ ಎಂದರು. ಮನೆ, ಹೊಲ, ಜೊತೆಗೆ ಕಾರೂ ಬರುತ್ತದಂತೆ ಎಂದು ಹೆಣ್ಣಿನ ಕಡೆಯವರು ಹೇಳಿಕೊಳ್ಳುತ್ತಿದ್ದಾರಂತೆ.

ಮದುವೆಯಾಗುವುದು ತಪ್ಪಲ್ಲ. ನಿಮಗೆ ವಯಸ್ಸಿದೆ, ಮನೆಗೆ ದಿಕ್ಕು ಬೇಕು. ನಮಗೆ ಒಂದು ಸಾಲು ಬರೆಯಬಹುದಿತ್ತು. ಸೀಟು ಅಗಲ, ಬಾಗಿಲು ಸಲೀಸು ಎಂದೆಲ್ಲ ಬರೆದದ್ದು ಯಾರಿಗಾಗಿ ಎಂದು ಈಗ ತಿಳಿಯಿತು. ಹೊನ್ನಿ ಹುಟ್ಟಿ ಮೂರು ವರ್ಷವಾಗುತ್ತ ಬಂತು, ನೀವು ಒಂದು ಸಲವೂ ಬಂದು ಅವಳ ಮುಖ ನೋಡಲಿಲ್ಲ. ಹೊಸ ಸಂಸಾರದಲ್ಲಿ ಅವಳನ್ನು ಮೂಲೆಗೆ ಕೂರಿಸಲು ನಾನು ಕಳಿಸುವುದಿಲ್ಲ. ಇಲ್ಲೇ ಬೆಳೆಯಲಿ.

ಕಮಲಾಕ್ಷಮ್ಮ


ಹಳೇಕೋಟೆ
೧೯ ಜನವರಿ ೧೯೬೧

ಅತ್ತಿಗೆಯವರಿಗೆ,

ಮದುವೆಯ ಮಾತು ನಿಜ. ಅವ್ವನಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಹೆಣ್ಣುಮಗುವೊಂದನ್ನು ಮನೆಗೆ ತರಬೇಕಾದರೆ ತಲೆ ಬಾಚಿ ನೀರು ಹಾಕಲು ಒಬ್ಬ ಹೆಂಗಸು ಬೇಕು. ಅದಕ್ಕಾಗಿ ಒಪ್ಪಿದೆ. ಮಗು ನಮ್ಮ ಜೊತೆಯಲ್ಲೇ ಇರುತ್ತದೆ ಎಂದು ಮೊದಲ ದಿನವೇ ಅವರಿಗೆ ಹೇಳಿದ್ದೇನೆ. ನಿಮಗೆ ಬರೆಯಲಿಲ್ಲ, ಬರೆಯಲು ಕೈ ಬರಲಿಲ್ಲ.

ಈಗ ನಾನೊಂದು ಕೇಳುತ್ತೇನೆ. ಮೊನ್ನೆ ಹೊಳೆನರಸೀಪುರದ ಮಂಡಿಯ ಮುಂದೆ ನಿಮ್ಮ ಮಿಲ್ಲಿನ ಲಾರಿ ನಿಂತಿತ್ತು. ಡ್ರೈವರ್ ಕೆಂಚಯ್ಯ ನನ್ನನ್ನು ಗುರುತಿಸಿ ಹತ್ತಿರ ಬಂದ. "ಮಗ ಈಗ ಎಂಗದೆ ಸಾ? ಆಚೆ ಒರ್ಸ ಜ್ವರ ನೆತ್ತಿಗೇರಿ ಸೆಳವು ಬಂದ್ಬುಟ್ಟಿತ್ತಲ್ಲ, ಮಳೇಲಿ ನಾನೇ ಲಾರೀಲಿ ಆಸನಕ್ಕೆ ಓಡ್ಸಿದ್ದು. ಉಳ್ಕತದೆ ಅಂತ ಯಾರೂ ಅಂದ್ಕಂಡಿರ್ಲಿಲ್ಲ," ಎಂದ. ನನಗೆ ಗೊತ್ತಿದೆಯೆಂದೇ ಅವನು ತಿಳಿದಿದ್ದ. ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ.

ಚಿಕ್ಕಲಕ್ಷ್ಮಿ ಹೇಗೆ ಹೋದಳೆಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಿಂಗಳು ತುಂಬುವ ಮೊದಲೇ ನೋವು ಬಂತು, ನಿಮ್ಮಲ್ಲಿಗೆ ಕಳಿಸಲು ವ್ಯವಧಾನವಿರಲಿಲ್ಲ. ಹೆರಿಗೆ ಸಲೀಸಾಗಿಯೇ ಆಯಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಬೆಳಿಗ್ಗೆ ಗಾಡಿ ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಹೋದೆವು. ಹಾಸನಕ್ಕೇ ಒಯ್ಯಿರಿ ಎಂದರು. ರೈಲು ಹೋಗಿಬಿಟ್ಟಿತ್ತು, ಬಸ್ಸಿಗೆ ಹೊತ್ತಿತ್ತು. ತೆಂಗಿನಕಾಯಿ ತುಂಬಿದ ಲಾರಿಯವನೊಬ್ಬ ಪುಣ್ಯಾತ್ಮ ಮುಂದೆ ಜಾಗ ಮಾಡಿಕೊಟ್ಟ. ಅವಳಿಗೆ ಕಾಲು ಚಾಚಲು ಆಗಲಿಲ್ಲ. ನನ್ನ ಭುಜಕ್ಕೆ ಒರಗಿ ಕೂತಿದ್ದಳು. ಏರು ಬಂದಾಗಲೆಲ್ಲ ಲಾರಿ ನಡೆಯುವವನ ಹಾಗೆ ಹೋಗುತ್ತಿತ್ತು. "ಇನ್ನೆಷ್ಟು ದೂರ ಅದೆ ನೋಡಿ," ಎಂದಳು. ಹತ್ತಿರ ಬಂತು ಎಂದೆ. ಹತ್ತಿರ ಬಂದಿರಲಿಲ್ಲ. ಹಾಸನ ಕಾಣುವ ಹೊತ್ತಿಗೆ ಅವಳಿರಲಿಲ್ಲ.

ನನ್ನ ಮಗಳನ್ನೂ ಲಾರಿಯಲ್ಲಿ ಒಯ್ದಿರಿ. ಒಯ್ಯಬೇಕಾಗಿತ್ತು, ಅದಕ್ಕೆ ನಿಮಗೆ ಕೈಮುಗಿಯುತ್ತೇನೆ. ಆದರೆ ನನಗೆ ಹೇಳಲಿಲ್ಲ. ವಿಶೇಷವಿಲ್ಲ ಎಂದು ಬರೆದಿರಿ.

ಬೆಂಗಳೂರಿನ ಸರದಿಗೆ ಇನ್ನು ಕಾಯುವುದಿಲ್ಲ. ಸಕಲೇಶಪುರದ ತೋಟದ ಸಾಹುಕಾರರೊಬ್ಬರು ತಮ್ಮ ಫಿಯಟ್ ಮಾರುತ್ತಿದ್ದಾರೆ. ಬೂದು ಬಣ್ಣ, ಚೆನ್ನಾಗಿ ಇಟ್ಟಿದ್ದಾರೆ. ಅದನ್ನು ತೆಗೆದುಕೊಂಡು ಶಿವರಾತ್ರಿ ಕಳೆದ ಸೋಮವಾರ ಬರುತ್ತೇನೆ. ಹೊನ್ನಮ್ಮನನ್ನು ಕರೆದುಕೊಂಡು ಬರುತ್ತೇನೆ.

ಪುಟ್ಟಸ್ವಾಮಿ


ಅರಕಲಗೂಡು
೬ ಫೆಬ್ರವರಿ ೧೯೬೧

ಪುಟ್ಟಸ್ವಾಮಿಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಇವರೇ ಓದಿ ಹೇಳಿದರು. ಅರ್ಧಕ್ಕೆ ಕಾಗದವನ್ನು ನನ್ನ ಕೈಗಿಟ್ಟು ಹೊರಗೆ ಹೋದರು. ಉಳಿದದ್ದನ್ನು ನಾನು ಓದಿಕೊಂಡೆ. ಅವಳು ಲಾರಿಯಲ್ಲಿ ಹೋದಳೆಂದು ನಮಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಂದು ತಿಳಿದಿದ್ದೆವು. ಶೋಕಿ ಎಂದು ಬರೆದ ನನ್ನ ಕೈಗೆ ಏನು ಹೇಳಲಿ.

ಹೊನ್ನಿಗೆ ಸೆಳವು ಬಂದದ್ದನ್ನು ಯಾಕೆ ಬರೆಯಲಿಲ್ಲ ಎಂದರೆ, ತಿಳಿದರೆ ನೀವು ಬಂದು ಕರೆದುಕೊಂಡು ಹೋಗುತ್ತೀರಿ ಎಂಬ ಭಯ. ನೀವು ಪ್ರತಿ ಕಾಗದದಲ್ಲೂ ಕಾರು ಎಂದು ಬರೆದಾಗ ನನಗೆ ಅದು ನನ್ನ ಮನೆ ಬಾಗಿಲಿಗೆ ಬಂದು ನಿಂತ ಹಾಗೇ ಕಾಣುತ್ತಿತ್ತು. ಸರದಿ ಬರದಿರಲಿ ಎಂದು ಹರಕೆ ಹೊತ್ತದ್ದೂ ಉಂಟು.

ಮಗು ನಿಮ್ಮದು. ಕಳಿಸುವುದಿಲ್ಲ ಎಂದು ಬರೆದೆ, ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಚನ್ನರಾಯಪಟ್ಟಣದ ಹುಡುಗಿಗೆ ಕೆಲವು ಮಾತು ಹೇಳಿ. ಹೊನ್ನಿಗೆ ಅನ್ನ ಬಿಸಿಯಿರಬಾರದು, ಆರಿಸಿ ಕಲಸಬೇಕು. ರಾಗಿಮುದ್ದೆಯನ್ನು ಸಣ್ಣ ಸಣ್ಣದಾಗಿ ಮುರಿದು ತಟ್ಟೆಯ ಸುತ್ತ ಇಟ್ಟರೆ ತಾನೇ ತಿನ್ನುತ್ತಾಳೆ. ತಲೆಗೆ ನೀರು ಹಾಕುವಾಗ ಕಣ್ಣು ಮುಚ್ಚು ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಹೆದರುತ್ತಾಳೆ. ಗುಡುಗಿದರೆ ಹೆದರುವುದಿಲ್ಲ, ಒಬ್ಬಳನ್ನೇ ಬಿಟ್ಟು ಬಾಗಿಲು ಮುಚ್ಚಿದರೆ ಹೆದರುತ್ತಾಳೆ. ಮೈ ಬಿಸಿಯಾದರೆ ಕೂಡಲೇ ಒದ್ದೆ ಬಟ್ಟೆ ಹಾಕಬೇಕು, ತಡಮಾಡಬಾರದು ಎಂದು ಹಾಸನದ ಡಾಕ್ಟರು ಹೇಳಿದ್ದಾರೆ.

ನನ್ನನ್ನು ಅವ್ವ ಅನ್ನುತ್ತಾಳೆ. ದೊಡ್ಡವ್ವ ಎಂದು ಹೇಳಿಕೊಟ್ಟೆ, ನಾಲಗೆ ತಿರುಗಲಿಲ್ಲ. ಈಗ ತಿರುಗುತ್ತದೆ, ನಾನು ಮತ್ತೆ ಹೇಳಿಕೊಡಲಿಲ್ಲ.

ನೀವಿಬ್ಬರು ಹೊರಟಾಗ ನಾನು ಒಳಗೇ ಇರುತ್ತೇನೆ. ತಪ್ಪು ತಿಳಿಯಬೇಡಿ.

ಕಮಲಾಕ್ಷಮ್ಮ


ಹಳೇಕೋಟೆ
೪ ಮಾರ್ಚ್ ೧೯೬೧

ಅತ್ತಿಗೆಯವರಿಗೆ ನಮಸ್ಕಾರಗಳು.

ಆ ಸೋಮವಾರ ನಾನು ಏನೂ ಹೇಳದೆ ಹೊರಟುಬಂದೆ. ಭಾವನವರ ಕೈಗೆ ಕಾರಿನ ಕೀಲಿ ಕೊಟ್ಟು, ಯಾಕೆ ಎಂದು ಅವರು ಕೇಳುತ್ತಿದ್ದ ಹಾಗೆಯೇ ಬಸ್ಸು ಹತ್ತಿದೆ. ದಾರಿಯಲ್ಲಿ ನಡೆದದ್ದು ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಮಗು ನನ್ನ ಪಕ್ಕದಲ್ಲಿ ಸುಮ್ಮನೆ ಕೂತಿತ್ತು. ಅಳಲಿಲ್ಲ. ಬೀದಿಯ ಮಕ್ಕಳೆಲ್ಲ ಹಿಂದೆ ಓಡಿಬಂದಾಗ ಕಿಟಕಿಯಲ್ಲಿ ನೋಡಿ ನಕ್ಕಳು ಕೂಡ. ಎಡಗೆನ್ನೆ ಕುಳಿ ಬಿತ್ತು. ನೀವು ಬರೆದದ್ದು ನಿಜ. ಊರು ದಾಟಿದ ಮೇಲೆ ರಸ್ತೆ ಚೆನ್ನಾಗಿತ್ತು. ಅವಳಿಗೆ ಖುಷಿಯಾಗಲಿ ಎಂದು ಜೋರಾಗಿ ಓಡಿಸಿದೆ. ಅದು ಎಷ್ಟು ಚೆನ್ನಾಗಿ ಓಡಿತೆಂದರೆ, ಈ ಕಾರು ಆ ದಿನ ಇದ್ದಿದ್ದರೆ ಎಂದು ನನ್ನ ಮನಸ್ಸು ಎಲ್ಲೋ ಹೋಯಿತು. ಆಗ ಮಗು ನನ್ನ ತೋಳು ಮುಟ್ಟಿತು.

"ಮೆಲ್ಲುಗ್ ಓಡ್ಸು ಮಾಮ. ಅವ್ವ ಇಂದ್ಲಿಂದ ನಡ್ಕಂಡ್ ಬತ್ತಾವ್ಳೆ."

ಅವ್ವ ಮನೆಯಲ್ಲಿದ್ದಾಳೆ, ಬರುತ್ತಿಲ್ಲ ಎಂದೆ. ಅವಳು ನಂಬಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವ ಹಾಗೆ, "ಬತ್ತಾಳೆ. ಕಾಲ್ ನೋಯ್ತದೆ ಅವ್ಳಿಗೆ. ನಿಲ್ಸು," ಎಂದಳು.

ಮರದ ಕೆಳಗೆ ನಿಲ್ಲಿಸಿದೆ. ಅವಳು ಸೀಟಿನ ಮೇಲೆ ಮೊಣಕಾಲೂರಿ ಹಿಂದಿನ ಗಾಜಿನ ಕಡೆ ತಿರುಗಿ ಕೂತಳು. ನಾನೂ ನೋಡಿದೆ. ರಸ್ತೆ ಖಾಲಿಯಿತ್ತು. ಅವಳಿಗೆ ಅವಸರವೇ ಇರಲಿಲ್ಲ. ಬರುವವಳು ಬಂದೇ ಬರುತ್ತಾಳೆ ಎನ್ನುವ ಹಾಗೆ ಕೂತಿದ್ದಳು. ಆಮೇಲೆ ಕಾರು ತಿರುಗಿಸಿದೆ.

ನೀವು ನಿಜವಾಗಿಯೂ ದಾರಿಯಲ್ಲಿ ಎದುರಾಗುತ್ತೀರಿ ಎಂದು ನಾನು ತಿಳಿದಿರಲಿಲ್ಲ. ಒಳಗೇ ಇರುತ್ತೇನೆ ಎಂದು ಬರೆದಿದ್ದಿರಿ. ಊರ ಹೊರಗಿನ ಆ ಬಿಸಿಲಿನಲ್ಲಿ, ಕಾಲಿಗೆ ಮೆಟ್ಟಿಲ್ಲದೆ, ಬರಿ ಕೈಯಲ್ಲಿ ಬರುತ್ತಿದ್ದಿರಿ. ಹೊನ್ನಮ್ಮ ನಿಮ್ಮನ್ನು ನೋಡಿ ಕೂಗಲೂ ಇಲ್ಲ. "ನಾನ್ ಏಳ್ಲಿಲ್ವ," ಎಂದು ನನ್ನ ಕಡೆ ನೋಡಿದಳು, ಅಷ್ಟೆ.

ಕಾರು ನಿಮ್ಮಲ್ಲೇ ಇರಲಿ. ಮಗು ಇರುವ ಕಡೆ ಅದು ಇರಬೇಕು, ನನ್ನ ಹೆಂಚಿನ ಮಾಡಿನ ಕೆಳಗೆ ನಿಂತು ಏನು ಮಾಡುತ್ತದೆ? ಭಾವನವರಿಗೆ ಓಡಿಸಲು ಬರುತ್ತದೆ. ಇನ್ನು ಮೇಲೆ ಜ್ವರ ಬಂದರೆ ಲಾರಿ ಹುಡುಕಬೇಡಿ. ರೇಡಿಯೇಟರಿಗೆ ದಿನಾ ಬೆಳಿಗ್ಗೆ ನೀರು ನೋಡಬೇಕು.

ಚನ್ನರಾಯಪಟ್ಟಣದವರಿಗೆ ಬೇಡವೆಂದು ಹೇಳಿಕಳಿಸಿದೆ. ಯಾವ ಕಾರಣಕ್ಕೆ ಒಪ್ಪಿದ್ದೆನೋ ಆ ಕಾರಣ ನಿಮ್ಮ ಮನೆಯಲ್ಲೇ ಉಳಿಯಿತು. ಆ ಹುಡುಗಿಯನ್ನು ಬರಿದೆ ನನ್ನ ಮನೆಗೆ ಕರೆತಂದು ಕೂರಿಸುವುದು ಸರಿಯಲ್ಲ. ನಮ್ಮ ಅವ್ವ ಬೈದಳು. ಆಮೇಲೆ ಮಗು ಯಾರ ಹಾಗಿದೆ ಎಂದು ಕೇಳಿದಳು. ಹೇಳಿದೆ.

ಪುಟ್ಟಸ್ವಾಮಿ


ಅರಕಲಗೂಡು
೨೯ ಮಾರ್ಚ್ ೧೯೬೧

ಪುಟ್ಟಸ್ವಾಮಿಯವರಿಗೆ ನಮಸ್ಕಾರ.

ನಾನು ಯಾಕೆ ನಡೆದುಬಂದೆ ಎಂದು ನನಗೂ ಗೊತ್ತಿಲ್ಲ. ಒಲೆಯ ಮುಂದೆ ಕೂತಿದ್ದೆ. ಕಾರಿನ ಸದ್ದು ದೂರವಾಯಿತು, ಕೇಳದಾಯಿತು. ಎದ್ದು ಬಾಗಿಲಿಗೆ ಬಂದವಳು ಅಲ್ಲಿಂದ ಹಾಗೇ ನಡೆದುಬಿಟ್ಟೆ. ಹಿಡಿಯುತ್ತೇನೆಂದೇನೂ ಅಲ್ಲ.

ಕಾರು ಮಿಲ್ಲಿನ ಗೋದಾಮಿನಲ್ಲಿದೆ. ಇವರು ದಿನಾ ನೀರು ನೋಡುತ್ತಾರೆ. ಅವರ ಜೊತೆ ಹೊನ್ನಿಯೂ ಹೋಗಿ ಒರೆಸುತ್ತಾಳೆ. ನೀವು ಹೋದ ದಿನ ಸಂಜೆ, "ಮಾಮ ಊರ್ಗೆ ನಡ್ಕಂಡ್ ಓದ್ರಾ?" ಎಂದು ಕೇಳಿದಳು. ಬಸ್ಸಿನಲ್ಲಿ ಎಂದೆ. ಕಾರು ಕೊಟ್ಟುಬಿಟ್ಟರೆ ಮಾಮನಿಗೆ ಬೇಡವೇ ಎಂದಳು.

ಇಷ್ಟು ವರ್ಷ ನೀವು ಬರುತ್ತೀರಿ ಎಂದು ಹೆದರಿ ಬದುಕಿದವಳು ನಾನು. ಈಗ ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಹಬ್ಬ ಎಂದು ಕಾಯಬೇಡಿ, ಕೈ ಬಿಡುವಾದಾಗ ಬನ್ನಿ. ಅವರು ಮಾಮ ಅಲ್ಲ ಕಣೆ, ನಿಮ್ಮಪ್ಪ ಎಂದು ಅವಳಿಗೆ ಹೇಳಬೇಕೆಂದಿದ್ದೇನೆ. ನೀವು ಬರುವುದರೊಳಗೆ ಕಲಿತಿರುತ್ತಾಳೆ. ಆ ಒಂದನ್ನಾದರೂ ನಿಮಗೆ ಕೊಡದಿದ್ದರೆ ನನಗೆ ಊಟ ಸೇರುವುದಿಲ್ಲ.

ಕಮಲಾಕ್ಷಮ್ಮ


ಹಳೇಕೋಟೆ
೮ ಏಪ್ರಿಲ್ ೧೯೬೧

ಅತ್ತಿಗೆಯವರಿಗೆ ನಮಸ್ಕಾರಗಳು.

ಕಾರ್ಡಿನಲ್ಲಿ ಜಾಗ ಕಡಿಮೆ. ಭತ್ತದ ಕೆಲಸ ಮುಗಿದಿದೆ. ಬರುವ ಗುರುವಾರ ಬಸ್ಸಿಗೆ ಬರುತ್ತೇನೆ, ಸಂಜೆ ಹಿಂದಿರುಗುತ್ತೇನೆ. ಅವ್ವ ಒಬ್ಬಳೇ ಇರುತ್ತಾಳೆ.

ಹೊನ್ನಮ್ಮನಿಗೆ ಈಗಲೇ ಅಪ್ಪ ಎಂದು ಹೇಳಿಕೊಡಬೇಡಿ. ಮಾಮ ಎಂದಾಗ ನೋವಾಗಲಿಲ್ಲ ಎಂದು ನಾನು ಬರೆಯುವುದಿಲ್ಲ. ಆದರೂ ಮಾಮ ಎಂದೇ ಇರಲಿ. ಅಪ್ಪ ಎಂದು ಕರೆದುಬಿಟ್ಟರೆ ನಾನು ಸಂಜೆಯ ಬಸ್ಸು ಹತ್ತಲಾರೆ.

ಪುಟ್ಟಸ್ವಾಮಿ